ಹಿತ್ತಲ ಗಿಡಕ್ಕೆ ಹತ್ತು ವರ್ಷ

ಊರಿಗೆ ಹೋಗಿ ಬಂದ ಸೋಮವಾರ ಆಫೀಸಿನ ಕಾಫಿ ಮಷೀನ್ ಮುಂದೆ ನಿಂತಿದ್ದೆ. ಪಕ್ಕದ ಟೀಮಿನ ಹುಡುಗ ಮೆಲ್ಲಗೆ ಹತ್ತಿರ ಬಂದು, "ಮಗಾ, ನಿಮ್ಮೂರು ಮಧುಗಿರಿ ಕಡೆ ಅಲ್ವಾ? ಅಲ್ಲಿ ಹೊಲದಲ್ಲೇ ಬೆಳೀತಾರಂತೆ?" ಅಂದ. ಏನನ್ನ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. "ಕಡಲೆಕಾಯಿ ಬೆಳೀತಾರೆ, ರಾಗಿ ಬೆಳೀತಾರೆ. ತಂದುಕೊಡ್ಲಾ?" ಅಂದೆ. ನಕ್ಕು ಹೋದ.

ನನಗೆ ನಗು ಬರಲಿಲ್ಲ. ನಾನು ಊರಿಗೆ ಹೋಗಿದ್ದು ಒಬ್ಬ ತಾತನ ತಿಥಿಗೆ. ಆ ತಾತ ಬದುಕಿನ ಕೊನೆಯ ಒಂಬತ್ತು ವರ್ಷ ಕೋರ್ಟಿಗೆ ಅಲೆದರು. ಕಾರಣ, ತೊಗರಿ ಸಾಲಿನ ನಡುವೆ ಇದ್ದ ಮೂರು ಗಿಡ. ಅವರ ಕತೆಗೆ ಆಮೇಲೆ ಬರ್ತೀನಿ. ಅದಕ್ಕೂ ಮುಂಚೆ, ಮನೆ ಹಿತ್ತಲಲ್ಲಿದ್ದ ಒಂದು ಗಿಡ ಅಪರಾಧವಾಗಿದ್ದು ಯಾವಾಗ, ಹಾಗಂತ ತೀರ್ಮಾನ ಮಾಡಿದವರು ಯಾರು ಅಂತ ನೋಡೋಣ. ಇದು 1985ರಲ್ಲಿ ಶುರುವಾದದ್ದು ಅಂತ ನಾನೂ ಅಂದುಕೊಂಡಿದ್ದೆ. ಓದುತ್ತಾ ಹೋದರೆ ಬೇರು ಇನ್ನೂ ನೂರು ವರ್ಷ ಹಿಂದಕ್ಕೆ ಹೋಗುತ್ತೆ.

ತುಮಕೂರು ಜಿಲ್ಲೆಯ ಉತ್ತರಕ್ಕಿರುವ ನಾಲ್ಕು ತಾಲ್ಲೂಕಿನಲ್ಲಿ ನಮ್ಮ ನೆಂಟಸ್ತನ ಹರಡಿಕೊಂಡಿದೆ. ಅಪ್ಪನ ಊರು ಕೊರಟಗೆರೆ ಕಡೆ, ಅಮ್ಮನ ತವರು ಮಧುಗಿರಿ ಕಡೆ. ಚಿಕ್ಕಮ್ಮನನ್ನು ಕೊಟ್ಟಿದ್ದು ಶಿರಾಕ್ಕೆ, ಸೋದರತ್ತೆಯನ್ನು ಪಾವಗಡಕ್ಕೆ. ಕೊರಟಗೆರೆಯಲ್ಲಿ ಜಯಮಂಗಲಿ ದಂಡೆಯ ಅಡಿಕೆ ತೆಂಗು ನೋಡಿಕೊಂಡು ಹೊರಟರೆ, ಪಾವಗಡ ಮುಟ್ಟುವ ಹೊತ್ತಿಗೆ ಬರೀ ಬಂಡೆ, ಬಯಲು, ಕಡಲೆಕಾಯಿ ಹೊಲ. ಈಗ ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಫಲಕಗಳು, 2,050 ಮೆಗಾವ್ಯಾಟ್. ಮಳೆ ನಂಬಿ ಬದುಕಿದ ಸೀಮೆ ಇದು. ಇಲ್ಲಿ ಹಿತ್ತಲು ಅಂದರೆ ಬಚ್ಚಲ ನೀರು ಹರಿಯುವ ಜಾಗ. ನುಗ್ಗೆ, ಕರಿಬೇವು, ಪುಂಡಿ, ಒಂದು ಬದನೆ ಪಾತಿ, ಮೂಲೆಯಲ್ಲಿ ತಿಪ್ಪೆ. ಆ ತಿಪ್ಪೆ ಪಕ್ಕದಲ್ಲೇ ಭಂಗಿ ಗಿಡವೂ ಇರ್ತಿತ್ತು.

ಇದನ್ನ ಹೇಳಿದ್ದು ಅಮ್ಮನ ಅಮ್ಮ. ಅವರು ಈಗಲೂ ಮಧುಗಿರಿಯನ್ನ ಮದ್ದಗಿರಿ ಅಂತಲೇ ಕರೆಯೋದು, ಹಳೇ ಇಂಗ್ಲಿಷ್ ದಾಖಲೆಗಳಲ್ಲಿ ಇರುವ ಹಾಗೆ. "ಒಂದೋ ಎರಡೋ ಇರವು ಕಣಪ್ಪ. ಯಾರೂ ಬಿತ್ತಿದ್ದಲ್ಲ, ತಾನೇ ಹುಟ್ಟದು. ದನಕ್ಕೆ ಹೊಟ್ಟೆ ಉಬ್ಬರ ಆದ್ರೆ ಎಲೆ ಕಿತ್ತು ಬೆಲ್ಲದ ಜೊತೆ ಅರೆದು ಕುಡ್ಸರು. ಭಜನೆಯೋರು ಬಂದ್ರೆ ಅವ್ರಿಗೆ ಬೇಕಾದ್ದ ಅವ್ರು ಕಿತ್ಕಂಡು ಹೋಗರು. ಅದನ್ನ ಕಳ್ಳಮಾಲು ಅಂತ ಯಾರು ಅನ್ಕಂಡಿದ್ರು?"

"ಹಂಗಾದ್ರೆ ಎಲ್ಲರೂ ಸೇದ್ತಿದ್ರಾ ಅಜ್ಜಿ?" ಅಂತ ಕೇಳಿದೆ.

"ಥೂ! ಭಂಗಿ ಸೇದೋನಿಗೆ ಹೆಣ್ಣು ಕೊಡ್ತಿರ್ಲಿಲ್ಲ."

ಈ ಎರಡು ಮಾತನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಗಿಡ ಕಣ್ಣ ಮುಂದೆ ಇತ್ತು, ಆದರೆ ಸೇದುವವನಿಗೆ ಮರ್ಯಾದೆ ಇರಲಿಲ್ಲ. ಸಾಧು, ಬೈರಾಗಿ, ತಂಬೂರಿ ಹಿಡಿದ ತತ್ವಪದದವರು ಸೇದಿದರೆ ಸರಿ, ಸಂಸಾರಸ್ಥ ಸೇದಿದರೆ ತಪ್ಪು. ಕಾನೂನು ಬರುವ ಮುಂಚೆ ಊರಿನಲ್ಲಿ ಇದ್ದ ಕಟ್ಟುಪಾಡು ಇಷ್ಟೇ. ಕೊರಟಗೆರೆಯ ಸಿದ್ಧರಬೆಟ್ಟದ ಕಡೆ ಗಿಡಮೂಲಿಕೆ ಹುಡುಕಿಕೊಂಡು ಬರುತ್ತಿದ್ದ ಸಾಧುಗಳನ್ನು ನಮ್ಮಪ್ಪ ಚಿಕ್ಕಂದಿನಲ್ಲಿ ನೋಡಿದ್ದಾರೆ. ಭಜನೆ ರಾತ್ರಿಗಳಲ್ಲಿ ಒದ್ದೆ ಬಟ್ಟೆ ಸುತ್ತಿದ ಚಿಲುಮೆ ಕೈಯಿಂದ ಕೈಗೆ ಹೋಗುತ್ತಿತ್ತು, ಪದ ನಡೆಯುತ್ತಿತ್ತು. ಇದು ನಮ್ಮ ಸೀಮೆಯ ವಿಶೇಷವೂ ಅಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದದಂತೆ ಕೊಡುವ ರೂಢಿ 2020ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು.

ಹೆಸರುಗಳ ವಿಷಯ ಒಂಚೂರು ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದೆ ಗೊಂದಲ ಆಗುತ್ತೆ. ಗಿಡ ಒಂದೇ. ಅದರ ಎಲೆಯನ್ನು ಅರೆದು ಕುಡಿಯುವುದು ಭಂಗಿ, ಉತ್ತರದವರ ಭಾಂಗ್. ಹೆಣ್ಣು ಗಿಡದ ಹೂವಿನ ತೆನೆ ಗಾಂಜಾ. ಅಂಟು ಚರಸ್. ನಮ್ಮ ಹುಡುಗರ ಬಾಯಲ್ಲಿ ಎಲ್ಲವೂ 'ಸೊಪ್ಪು'. ಇಂಗ್ಲಿಷಿನ ಹೆಂಪ್ ಅನ್ನುವ ಪದವಂತೂ ಪೂರ್ತಿ ಗೋಜಲು. ನಮ್ಮ ರೈತರು ಗೊಬ್ಬರಕ್ಕೆ ಬಿತ್ತುವ ಅಪ್ಪಸೆಣಬಿಗೂ ಇಂಗ್ಲಿಷಿನಲ್ಲಿ ಸನ್ ಹೆಂಪ್ ಅನ್ನುತ್ತಾರೆ. ಅದು ಬೇರೆಯೇ ಗಿಡ, ಹಳದಿ ಹೂ ಬಿಡುತ್ತೆ, ಅಮಲೂ ಇಲ್ಲ ಎಂಥದೂ ಇಲ್ಲ. ಇನ್ನು ಪುಂಡಿ. ಪಾವಗಡದ ಕಡೆ ಅದರ ಚಟ್ನಿ ಇಲ್ಲದೆ ಮುದ್ದೆ ಇಳಿಯಲ್ಲ. ಅದರ ಎಲೆ ಭಂಗಿ ಎಲೆಯ ಹಾಗೇ ಬೆರಳು ಬೆರಳಾಗಿ ಸೀಳಿರುತ್ತೆ. ಅದಕ್ಕೇ ಲಿನ್ನೇಯಸ್ 1759ರಲ್ಲಿ ಪುಂಡಿಗೆ ಹೈಬಿಸ್ಕಸ್ ಕ್ಯಾನಬಿನಸ್ ಅಂತ ಹೆಸರಿಟ್ಟ, ಅಂದರೆ ಭಂಗಿಯಂಥ ದಾಸವಾಳ. ಈ ಪುಂಡಿಯನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ.

ಭಂಗಿ ನಮಗೆ ಹೊಸದಲ್ಲ. ಅಥರ್ವವೇದ ಐದು ಗಿಡಗಳ ಸಾಲಿನಲ್ಲಿ ಭಂಗವನ್ನೂ ಹೇಳುತ್ತೆ. ಸುಮಾರು 700 ವರ್ಷ ಹಳೆಯದಾದ ಶಾರ್ಙ್ಗಧರ ಸಂಹಿತೆ ಅದನ್ನು ಅಫೀಮಿನ ಜೊತೆಗಿಟ್ಟು, ಮೈಯೆಲ್ಲ ಬೇಗ ಹರಡುವ ಮದ್ದು ಅನ್ನುತ್ತೆ. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಅನ್ನುವ ಹೆಸರೂ ಇದೆ. 1839ರಲ್ಲಿ ಕಲ್ಕತ್ತಾದ ಮೆಡಿಕಲ್ ಕಾಲೇಜಿನ ಪ್ರೊಫೆಸರ್ ವಿಲಿಯಂ ಬ್ರೂಕ್ ಓಶಾಘ್ನೆಸಿ ಈ ಗಿಡದ ಮೇಲೆ ಪ್ರಯೋಗ ಮಾಡಿ ಬರೆದ ಮೇಲೆ ಇಂಗ್ಲೆಂಡಿನ ಔಷಧಿ ಅಂಗಡಿಗಳಿಗೂ ಹೋಯಿತು. ಮುಂದೆ ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನೂ ಇದೇ ಓಶಾಘ್ನೆಸಿ.

ಮದ್ದು, ಅಮಲು ಎರಡೂ ಆಗಿದ್ದ ಗಿಡಕ್ಕೆ ಸರ್ಕಾರ ಅಡ್ಡ ಬಂದಿದ್ದು ಆರೋಗ್ಯದ ಕಾರಣಕ್ಕಲ್ಲ. ಲೆಕ್ಕದ ಪುಸ್ತಕದ ಕಾರಣಕ್ಕೆ.

ಈಸ್ಟ್ ಇಂಡಿಯಾ ಕಂಪನಿ 1793ರಲ್ಲೇ ಬಂಗಾಳದಲ್ಲಿ ಗಾಂಜಾ ಮಾರಾಟಕ್ಕೆ ಲೈಸೆನ್ಸ್ ತಂದಿತು. ಆಮೇಲೆ ರಾಜಶಾಹಿ ಸೀಮೆಯ ನೌಗಾಂವ್ ಸುತ್ತ ಮಾತ್ರ ಬೆಳೆಯಲು ಬಿಟ್ಟರು. ಬೆಳೆದದ್ದು ಗೋದಾಮಿಗೆ ಹೋಗಬೇಕು, ತೂಕ ಆಗಬೇಕು, ಸೇರಿಗಿಷ್ಟು ಅಂತ ಸುಂಕ ಕಟ್ಟಬೇಕು, ಆಮೇಲೆ ಹರಾಜಿನಲ್ಲಿ ಅಂಗಡಿ ಹಿಡಿದವನು ಮಾರಬೇಕು. ನಮ್ಮ ಹಳೇ ಸಾರಾಯಿ ಕಂಟ್ರಾಕ್ಟಿನ ಹಾಗೇ.

1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ವಿಲಿಯಂ ಕೇನ್ ಎಂಬ ಸದಸ್ಯ ಇದರ ಬಗ್ಗೆ ಪ್ರಶ್ನೆ ಎತ್ತಿದ. ಅವನು ಮದ್ಯಪಾನ ವಿರೋಧಿ ಚಳವಳಿಯವನು. ಗಾಂಜಾ ಜನರನ್ನ ಹುಚ್ಚರನ್ನಾಗಿ ಮಾಡುತ್ತಿದೆ, ಸರ್ಕಾರ ಅದರಿಂದ ದುಡ್ಡು ಮಾಡುತ್ತಿದೆ ಅನ್ನುವುದು ಆ ಕಾಲದ ಆರೋಪ. ಸರ್ಕಾರ ಅದೇ ವರ್ಷ ಜುಲೈನಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಿಸಿತು. ಡಬ್ಲ್ಯೂ. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷ, ಒಟ್ಟು ಏಳು ಜನ, ಅದರಲ್ಲಿ ಮೂವರು ಭಾರತೀಯರು. ದೇಶ ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ವರದಿ ಕೊಟ್ಟರು. ಸಂಪುಟ ಸಂಪುಟ, ಮೂರು ಸಾವಿರ ಪುಟಕ್ಕೂ ಮೇಲೆ.

ಆ ವರದಿಯ ಒಂದು ಭಾಗ ಓದುವಾಗ ನನಗೆ ನಮ್ಮ ಆಫೀಸಿನ ಎಕ್ಸೆಲ್ ಶೀಟುಗಳು ನೆನಪಾದವು. ಹುಚ್ಚಾಸ್ಪತ್ರೆಗಳ ರಿಜಿಸ್ಟರಿನಲ್ಲಿ 'ಹುಚ್ಚಿಗೆ ಕಾರಣ' ಅಂತ ಒಂದು ಕಾಲಂ. ಎಷ್ಟೋ ಕಡೆ ಅಲ್ಲಿ 'ಗಾಂಜಾ' ಅಂತ ಬರೆದಿತ್ತು. ಕಮಿಷನ್ನಿನವರು ಒಂದೊಂದೇ ಕೇಸು ಹಿಡಿದು ವಿಚಾರಿಸಿದರೆ, ರೋಗಿಯನ್ನು ಕರೆತಂದ ಪೊಲೀಸಿನವನು ಹೇಳಿದ್ದನ್ನೇ ಗುಮಾಸ್ತ ಬರೆದುಕೊಂಡಿದ್ದಾನೆ. ಕಾಲಂ ಖಾಲಿ ಬಿಡೋ ಹಾಗಿಲ್ಲವಲ್ಲ! ಮಿತವಾಗಿ ಸೇವಿಸಿದರೆ ಹೆಚ್ಚುಕಡಿಮೆ ಹಾನಿಯಿಲ್ಲ, ಅತಿಯಾದರೆ ಕೆಡುಕು, ಪೂರ್ತಿ ನಿಷೇಧದ ಅಗತ್ಯವಿಲ್ಲ ಅಂತ ಕಮಿಷನ್ ಹೇಳಿತು. ಗಾಂಜಾ ಪರ ಮಾತಾಡುವವರು ಇಂದಿಗೂ ಉಲ್ಲೇಖಿಸುವುದು ಇದನ್ನೇ.

ಆದರೆ ಅವರು ಮುಂದಿನ ಶಿಫಾರಸನ್ನು ಹೇಳುವುದು ಕಡಿಮೆ. ನಿಷೇಧ ಬೇಡ, ಆದರೆ ಲೈಸೆನ್ಸ್ ಇಲ್ಲದೆ ಯಾರೂ ಬೆಳೆಯಬಾರದು. ಬೆಳೆ ಕೆಲವೇ ಪ್ರದೇಶಗಳಲ್ಲಿ ಇರಬೇಕು, ಅಂಗಡಿಗಳ ಸಂಖ್ಯೆ ಮಿತವಾಗಿರಬೇಕು, ಒಬ್ಬನ ಕೈಯಲ್ಲಿ ಎಷ್ಟಿರಬಹುದು ಅನ್ನುವುದಕ್ಕೆ ಮಿತಿ ಬೇಕು, ಸುಂಕ ಗಟ್ಟಿಯಾಗಿರಬೇಕು. ಈ ಲೆಕ್ಕದಲ್ಲಿ ಅತಿ ದೊಡ್ಡ ತೊಂದರೆ ಯಾವುದು ಹೇಳಿ? ಹಿತ್ತಲ ಗಿಡ. ಅಂಗಡಿಯವನು ಹರಾಜಿಗೆ ದುಡ್ಡು ಸುರಿದು ಕೂತಿರುವಾಗ ಅಜ್ಜಿಯ ತಿಪ್ಪೆ ಪಕ್ಕ ಪುಕ್ಕಟೆ ಬೆಳೆದರೆ ಹೇಗೆ? ಅದನ್ನ ತೂಕ ಮಾಡೋರು ಯಾರು, ಸುಂಕ ಕಟ್ಟೋರು ಯಾರು?

ಉಪ್ಪಿನ ಕತೆಯೂ ಇದೇ ಅಲ್ಲವಾ? ಉಪ್ಪು ತಿನ್ನುವುದು ಯಾವತ್ತೂ ತಪ್ಪಾಗಿರಲಿಲ್ಲ, ಮನೆಯಲ್ಲಿ ತಯಾರಿಸುವುದು ತಪ್ಪಾಗಿತ್ತು. 1930ರಲ್ಲಿ ಗಾಂಧೀಜಿ ದಂಡಿಗೆ ನಡೆದಿದ್ದು ಅದಕ್ಕೇ. ಉಪ್ಪಿಗೆ ಗಾಂಧಿ ಸಿಕ್ಕರು, ಭಂಗಿ ಪರವಾಗಿ ಯಾರೂ ನಡೆಯಲಿಲ್ಲ. ಗಾಂಧೀಜಿಯಂತೂ ಅಮಲಿನ ವಿರೋಧಿ. ಅದರಲ್ಲಿ ತಪ್ಪೇನೂ ಹುಡುಕುತ್ತಿಲ್ಲ ನಾನು. ಸುಂಕದ ಕಾನೂನು ಎರಡೂ ಕಡೆ ಒಂದೇ ಥರ ಯೋಚಿಸಿತು ಅನ್ನುವುದಷ್ಟೇ ನನ್ನ ಮಾತು.

ನಮ್ಮ ಸೀಮೆ ಆಗ ಮೈಸೂರು ಒಡೆಯರ ಆಳ್ವಿಕೆಯಲ್ಲಿತ್ತು. 1881ರಲ್ಲಿ ಬ್ರಿಟಿಷರು ರಾಜ್ಯ ವಾಪಸ್ ಕೊಟ್ಟರೂ ಆಡಳಿತದ ಅಚ್ಚು ಅವರದೇ. 1901ರಲ್ಲಿ ಮೈಸೂರಿಗೂ ತನ್ನದೇ ಅಬಕಾರಿ ಕಾನೂನು ಬಂತು. ಅಬಕಾರಿ ಲೆಕ್ಕದಲ್ಲಿ ಈಚಲು ಹೆಂಡ, ಸಾರಾಯಿ, ಗಾಂಜಾ ಎಲ್ಲಾ ಒಂದೇ ಬುಟ್ಟಿ: ಲೈಸೆನ್ಸ್ ಇದ್ದರೆ ಮಾಲು, ಇಲ್ಲದಿದ್ದರೆ ಕಳ್ಳಮಾಲು. ಪಾವಗಡದ ಪಾಡು ಇನ್ನೂ ವಿಚಿತ್ರ. ಮೈಸೂರಿಗೆ ಸೇರಿದ ಆ ತಾಲ್ಲೂಕಿನ ಸುತ್ತ ಬಹುಪಾಲು ಮದ್ರಾಸ್ ಪ್ರೆಸಿಡೆನ್ಸಿಯ ಅನಂತಪುರ ಜಿಲ್ಲೆ. ಅಲ್ಲಿ 1886ರ ಮದ್ರಾಸ್ ಅಬಕಾರಿ ಕಾನೂನು. ಬದುವಿನ ಈಚೆ ಒಂದು ಸರ್ಕಾರದ ಸುಂಕ, ಆಚೆ ಇನ್ನೊಂದರದ್ದು. ಭಂಗಿ ಗಿಡಕ್ಕೆ ಗಡಿ ಎಲ್ಲಿ ಗೊತ್ತು? ಎರಡೂ ಕಡೆ ತಿಪ್ಪೆ ಒಂದೇ, ಮಾತೂ ತೆಲುಗು ಕನ್ನಡ ಬೆರೆತದ್ದು.

ಆದರೂ ಒಂದು ಮಾತು ಒಪ್ಪಬೇಕು. ಆ ಕಾಲದ ಅಬಕಾರಿ ಅಪರಾಧ ಅಂದರೆ ಮುಖ್ಯವಾಗಿ ಸುಂಕ ತಪ್ಪಿಸಿದ ಅಪರಾಧ. ಸೇದುವವನಿಗೆ ಪೇಟೆಯ ಹರಾಜಿನ ಅಂಗಡಿ ಇತ್ತು. ಹಳ್ಳಿಯ ಒಂದೆರಡು ಗಿಡದ ತನಕ ಯಾರೂ ಬರುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಾರೆ. ಪುಸ್ತಕದಲ್ಲಿ ತಪ್ಪು, ಹಿತ್ತಲಲ್ಲಿ ಗಿಡ. ಎರಡೂ ಹೇಗೋ ಹೊಂದಿಕೊಂಡು ಹೋದವು.

ಮುಂದಿನ ತೀರ್ಮಾನಗಳೆಲ್ಲ ಇನ್ನೂ ದೂರದಲ್ಲಿ ಆದವು. 1925ರಲ್ಲಿ ಜಿನೀವಾದಲ್ಲಿ ಅಫೀಮಿನ ಬಗ್ಗೆ ಸೇರಿದ್ದ ಸಭೆಯಲ್ಲಿ ಈಜಿಪ್ಟಿನ ಪ್ರತಿನಿಧಿ ಒತ್ತಾಯ ಮಾಡಿ ಗಾಂಜಾವನ್ನೂ ಪಟ್ಟಿಗೆ ಸೇರಿಸಿದರು. 1961ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಆಯಿತು. ಅದರಲ್ಲಿ ಗಾಂಜಾ ಕೂಡ ಹೆರಾಯಿನ್ ಇದ್ದ ಕಟ್ಟುನಿಟ್ಟಿನ ಪಟ್ಟಿಗೇ ಬಂತು. ನಮ್ಮಂಥ ದೇಶಗಳಿಗೆ ಹಳೇ ರೂಢಿ ನಿಲ್ಲಿಸಲು 25 ವರ್ಷ ಗಡುವು ಸಿಕ್ಕಿತು. ಒಪ್ಪಂದ ಜಾರಿಗೆ ಬಂದದ್ದು 1964ರ ಡಿಸೆಂಬರ್‌ನಲ್ಲಿ, ಅಂದರೆ 1989ರ ಒಳಗೆ ಮುಗಿಸಬೇಕು. 1985ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಮಸೂದೆ ಮಂಡನೆ ಆಯಿತು, ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು, ನವೆಂಬರ್ 14ಕ್ಕೆ ಜಾರಿ. ಅದೇ ಎನ್‌ಡಿಪಿಎಸ್ ಕಾಯ್ದೆ. ಎಲೆ ಮತ್ತು ಬೀಜ, ತೆನೆಯ ಜೊತೆ ಇಲ್ಲದಿದ್ದರೆ, ಗಾಂಜಾ ಅಲ್ಲ ಅಂತ ಹೇಳಿ ಭಾಂಗ್‌ಗೆ ಮಾತ್ರ ದಾರಿ ಬಿಟ್ಟರು. ಉತ್ತರದಲ್ಲಿ ಸರ್ಕಾರಿ ಪರವಾನಗಿಯ ಭಾಂಗ್ ಅಂಗಡಿ ಇವತ್ತಿಗೂ ಇರುವುದು ಅದಕ್ಕೇ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಜಾಮೀನು ಪ್ರಕರಣದಲ್ಲಿ ಭಾಂಗ್ ಈ ಕಾಯ್ದೆಯ ಅಡಿ ನಿಷೇಧಿತ ವಸ್ತುವಲ್ಲ ಅಂದಿತು.

ಆದರೆ ಭಾಂಗ್‌ನ ಎಲೆ ಬಿಡುವ ಗಿಡ? ಪರವಾನಗಿ ಇಲ್ಲದೆ ಬೆಳೆದರೆ ಅದು ಅಪರಾಧ. ಲಂಡನ್ನು, ಜಿನೀವಾ, ನ್ಯೂಯಾರ್ಕು, ದೆಹಲಿ ಎಲ್ಲಾ ಸುತ್ತಿಕೊಂಡು ಬಂದ ಕಾನೂನು ಕಡೆಗೆ ನಮ್ಮ ತಾತನ ತೊಗರಿ ಹೊಲದಲ್ಲಿ ಬಂದು ನಿಂತಿತು.

ಈಗ ಆ ತಾತನ ಕತೆ. ಈ ನಾಲ್ಕು ತಾಲ್ಲೂಕಿನಲ್ಲೇ ಒಂದು ಹಳ್ಳಿ, ಯಾವುದು ಅಂತ ಹೇಳಲ್ಲ. ಅವರು ನಮಗೆ ದೂರದ ನೆಂಟರು. ಊರಿನವರಿಗೆ ಭಜನೆ ತಾತ. ನಾನು ಬೇಸಿಗೆ ರಜೆಗೆ ಹೋದಾಗ ತಂಬೂರಿ ನನ್ನ ಕೈಗೆ ಕೊಟ್ಟು, "ಮೀಟ್ಲಾ, ಮುರ್ದೋಗಲ್ಲ" ಅಂತಿದ್ದರು. ಎರಡೂವರೆ ಎಕರೆ ಮಳೆ ಹೊಲ, ಎರಡು ಎತ್ತು. ತೊಗರಿ ಸಾಲಿನಲ್ಲಿ ಮೂರು ಭಂಗಿ ಗಿಡ ಇಟ್ಟುಕೊಂಡಿದ್ದು ನಿಜ. ತಮಗೂ, ತಮ್ಮ ಭಜನೆಯವರಿಗೂ. ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಬದುವಿನ ಜಗಳ ಇದ್ದ ಯಾರೋ ಫೋನ್ ಮಾಡಿದರು ಅಂತ ಕಾಣುತ್ತೆ.

ಒಂದು ಬೆಳಗ್ಗೆ ಜೀಪು ಬಂತು. ಗಿಡಗಳನ್ನ ಬೇರು ಮಣ್ಣು ಸಮೇತ ಕಿತ್ತು ತೂಕ ಹಾಕಿದರು. ಐದೂವರೆ ಕೆಜಿ. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ತೆನೆ ಮಾತ್ರ. ಕಾಂಡ, ಬೇರು, ಅದಕ್ಕಂಟಿದ ಕೆಮ್ಮಣ್ಣು ಯಾವುದೂ ಅಲ್ಲ. ಅದು ತಾತನಿಗೆ ಗೊತ್ತಿರಲಿಲ್ಲ, ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದವರಿಗೂ ಗೊತ್ತಿರಲಿಲ್ಲ. ಮರುದಿನ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು: ಜಮೀನಿನಲ್ಲಿ ಗಾಂಜಾ ಬೆಳೆ, ವ್ಯಕ್ತಿ ಬಂಧನ.

ನಾಲ್ಕು ತಿಂಗಳು ಜೈಲು. ಜಾಮೀನಿಗೆ, ವಕೀಲರಿಗೆ ಅಂತ ಎತ್ತು ಮಾರಿದರು. ಆಮೇಲೆ ಒಂಬತ್ತು ವರ್ಷ ವಾಯಿದೆ. ಬೆಳಗಿನ ಬಸ್ಸಿಗೆ ಹೋಗೋದು, ಹೆಸರು ಕೂಗೋವರೆಗೂ ಕಟ್ಟೆ ಮೇಲೆ ಕೂರೋದು, ಸಾಕ್ಷಿ ಬಂದಿಲ್ಲ ಅಂತ ಇನ್ನೊಂದು ತಾರೀಖು ತಗೊಂಡು ಸಂಜೆ ಬಸ್ಸಿಗೆ ಬರೋದು. ಭಜನೆಗೆ ಮತ್ತೆ ಹೋಗಲಿಲ್ಲ. ತೀರ್ಪು ಬರುವ ಮುಂಚೆ ಅವರೇ ಹೋದರು, ಕೇಸೂ ಅವರ ಜೊತೆ ಮುಗಿಯಿತು. ಅಪರಾಧಿ ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ.

ಇದರಲ್ಲಿ ನನ್ನ ಪಾಲೂ ಇದೆ. ತಾತ ಒಳಗಿದ್ದಾಗ ಅವರ ಮಗ ನನಗೆ ಎರಡು ಸಲ ಫೋನ್ ಮಾಡಿದ್ದ. "ಅಣ್ಣಾ, ನೀನು ಓದಿದೋನು, ಬೆಂಗ್ಳೂರಲ್ಲಿ ಯಾರಾದ್ರೂ ಒಳ್ಳೆ ಲಾಯರ್ ಗೊತ್ತಾ?" ಮೊದಲ ಸಲ ಮೀಟಿಂಗಲ್ಲಿದ್ದೀನಿ ಅಂದೆ. ಎರಡನೇ ಸಲ ಎತ್ತಲಿಲ್ಲ. ಗಾಂಜಾ ಕೇಸಿನಲ್ಲಿ ನನ್ನ ಹೆಸರು, ನಂಬರು ಯಾಕೆ ಅನ್ನುವ ಭಯ. ಅದೇ ವರ್ಷ ನಮ್ಮ ಪ್ರಾಜೆಕ್ಟ್ ಮುಗಿದ ಖುಷಿಗೆ ಒಬ್ಬರ ಮನೆ ಟೆರೇಸಿನಲ್ಲಿ ಪಾರ್ಟಿ ಆಯಿತು. ಅಲ್ಲಿ ಒಂದು ಸಿಗರೇಟು ಕೈಯಿಂದ ಕೈಗೆ ಹೋಗುತ್ತಿತ್ತು. ನಾನು ಸೇದಲಿಲ್ಲ, ಆದರೆ ಅಲ್ಲಿಂದ ಎದ್ದು ಹೋಗಲೂ ಇಲ್ಲ. ಅಲ್ಲಿ ನನಗೆ ಯಾವ ಭಯವೂ ಆಗಲಿಲ್ಲ.

ಕಾಯ್ದೆಯ ಪುಸ್ತಕ ತೆಗೆದು ನೋಡಿದರೆ ಆ ಎರಡು ಜಾಗದ ವ್ಯತ್ಯಾಸ ಅಲ್ಲೇ ಬರೆದಿದೆ. ಗಾಂಜಾ ಸೇವನೆ ಮಾಡಿದವನಿಗೆ ಹೆಚ್ಚೆಂದರೆ ಆರು ತಿಂಗಳು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಕೆಜಿವರೆಗೆ ಇಟ್ಟುಕೊಂಡವನದು 'ಸಣ್ಣ ಪ್ರಮಾಣ', ಹೆಚ್ಚೆಂದರೆ ಒಂದು ವರ್ಷ. 20 ಕೆಜಿಗಿಂತ ಮೇಲಾದರೆ ವಾಣಿಜ್ಯ ಪ್ರಮಾಣ, 10ರಿಂದ 20 ವರ್ಷ. ಈ ಮೆಟ್ಟಿಲುಗಳನ್ನ ಕಟ್ಟಿದ್ದು 2001ರ ತಿದ್ದುಪಡಿ. ಸಣ್ಣವರನ್ನೂ ದೊಡ್ಡವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅನ್ನುವ ಒಳ್ಳೆ ಉದ್ದೇಶ. ಆದರೆ ಗಿಡ ಬೆಳೆಸುವುದಕ್ಕೆ ಇರುವ 20(ಎ) ಸೆಕ್ಷನ್ನಿನಲ್ಲಿ ಇಂಥ ಮೆಟ್ಟಿಲು ಇಲ್ಲ. ಒಂದು ಗಿಡಕ್ಕೂ ಅದೇ, ಒಂದು ಎಕರೆಗೂ ಅದೇ: 10 ವರ್ಷದವರೆಗೆ ಕಠಿಣ ಸಜೆ, ಜೊತೆಗೆ ಒಂದು ಲಕ್ಷದವರೆಗೆ ದಂಡ. ಇದೇ ಅಪರಾಧಕ್ಕೆ 1985ರಲ್ಲಿ ಇದ್ದದ್ದು ಐದು ವರ್ಷ. ಅಂದರೆ ಮುಕ್ಕಾಲು ಕೆಜಿ ಕೊಂಡು ಮನೆಯಲ್ಲಿಟ್ಟವನಿಗಿಂತ ಹಿತ್ತಲಲ್ಲಿ ಒಂದು ಗಿಡ ಇಟ್ಟವನಿಗೆ ಹತ್ತು ಪಟ್ಟು ಹೆಚ್ಚು ಶಿಕ್ಷೆ ಆಗಬಹುದು.

ಇಷ್ಟೇ ಅಲ್ಲ. 46ನೇ ಸೆಕ್ಷನ್ ಪ್ರಕಾರ ತನ್ನ ಜಮೀನಿನಲ್ಲಿ ಇಂಥ ಗಿಡ ಅಕ್ರಮವಾಗಿ ಬೆಳೆದಿದ್ದರೆ ಜಮೀನಿನ ಒಡೆಯ ತಕ್ಷಣ ಮಾಹಿತಿ ಕೊಡಬೇಕು. ಗೊತ್ತಿದ್ದೂ ಕೊಡದಿದ್ದರೆ ಅದೂ ಅಪರಾಧ. ಯೋಚನೆ ಮಾಡಿ, ನಮ್ಮಜ್ಜಿ ಕಾಲದ ಎಷ್ಟು ತಿಪ್ಪೆಗಳು ಈ ಸೆಕ್ಷನ್ನಿನಲ್ಲಿ ಬರಬಹುದಿತ್ತು!

ಮನೆಯೊಳಗೆ ಬೆಳೆಯುವವರೂ ಸಿಕ್ಕಿಬೀಳುತ್ತಿದ್ದಾರೆ, ಇಲ್ಲ ಅಂತಲ್ಲ. 2021ರಲ್ಲಿ ಬಿಡದಿ ಬಳಿಯ ಬಾಡಿಗೆ ವಿಲ್ಲಾದಲ್ಲಿ ಕೃತಕ ಬೆಳಕು ಹಾಕಿ ಬೆಳೆಯುತ್ತಿದ್ದವರನ್ನ ಬೆಂಗಳೂರು ಸಿಸಿಬಿ ಪೊಲೀಸರು ಹಿಡಿದರು. ಬಂಧಿತರಲ್ಲಿ ಇರಾನಿನವರೂ ಇದ್ದರು. 2023ರಲ್ಲಿ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಮೆಡಿಕಲ್ ವಿದ್ಯಾರ್ಥಿಗಳು ಸಿಕ್ಕಿಬಿದ್ದರು. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಒಂದು ದಂಪತಿಯ ಸುದ್ದಿ ನೀವೂ ಓದಿರ್ತೀರಿ. ಬಾಲ್ಕನಿಯ ಹೂಕುಂಡಗಳ ವಿಡಿಯೋ ಫೇಸ್‌ಬುಕ್ಕಿಗೆ ಹಾಕಿದರು, ಎರಡು ಕುಂಡದಲ್ಲಿ ಇದ್ದದ್ದು ಬೇರೆ ಗಿಡ ಅಂತ ಯಾರೋ ಗುರುತು ಹಿಡಿದರು. ವಿಲ್ಲಾದಲ್ಲಿ ಎಸಿ, ಲೈಟು ಹಾಕಿ ಮಾರಾಟಕ್ಕೆ ಬೆಳೆಯುವುದಕ್ಕೂ ಎರಡು ಕುಂಡಕ್ಕೂ ತಾತನ ಮೂರು ಗಿಡಕ್ಕೂ ಸೆಕ್ಷನ್ ಒಂದೇ. ಕೋರ್ಟು ಶಿಕ್ಷೆ ಕೊಡುವಾಗ ವ್ಯತ್ಯಾಸ ನೋಡಬಹುದು, ಆದರೆ ಅಲ್ಲಿಯವರೆಗಿನ ದಾರಿಯಲ್ಲಿ ಎತ್ತು ಮಾರಿಯಾಗಿರುತ್ತೆ.

ಇದನ್ನೆಲ್ಲ ಓದಿ ನಾನು ಗಾಂಜಾ ವಕೀಲ ಅಂದುಕೊಳ್ಳಬೇಡಿ. ಅತಿಯಾದರೆ ಕೆಡುಕು ಅಂತ 1894ರ ವರದಿಯೇ ಹೇಳಿದೆ. ಹದಿಹರೆಯದಲ್ಲೇ ಶುರು ಮಾಡಿ ದಿನಾ ಸೇದುವವರಲ್ಲಿ ಮನೋರೋಗದ ಅಪಾಯ ಹೆಚ್ಚು ಅನ್ನುವುದನ್ನ ಇಂದಿನ ಮನೋವೈದ್ಯರು ಚೆನ್ನಾಗಿ ತೋರಿಸಿದ್ದಾರೆ. ಈಗಿನ ತಳಿಗಳ ಅಮಲೂ ಹಳೆಯದರ ಹಾಗಿಲ್ಲ. ವ್ಯಾಪಾರವೂ ಭಜನೆಯವರದ್ದಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಕುರಿ ಫಾರಂ ನೆಲದಡಿ ಬಚ್ಚಿಟ್ಟಿದ್ದು 1,300 ಕೆಜಿಗೂ ಹೆಚ್ಚು. ಅದನ್ನ ಹಿಡಿಯಬೇಕಾದ್ದೇ. ನಮ್ಮ ಅಜ್ಜಿಯಂದಿರು ಹೆಣ್ಣು ಕೊಡದೆ ಇದ್ದದ್ದಕ್ಕೂ ಕಾರಣ ಇತ್ತು. ಶಿರಾದ ಚಿಕ್ಕಮ್ಮನ ಮಾವ ಭಂಗಿಯಲ್ಲೇ ಕಳೆದುಹೋದವರು, ಆ ಮನೆ ಏಳಲು ಇಪ್ಪತ್ತು ವರ್ಷ ಬೇಕಾಯಿತು. ಅದನ್ನೂ ನಾನು ಮರೆತಿಲ್ಲ.

ಕಾಲವೂ ಬದಲಾಗುತ್ತಿದೆ. ನಾರು, ಬೀಜಕ್ಕೆ ಅಮಲಿಲ್ಲದ ತಳಿ ಬೆಳೆಯಲು ಕಾಯ್ದೆಯಲ್ಲೇ ದಾರಿ ಇದೆ, 2018ರಲ್ಲಿ ಉತ್ತರಾಖಂಡ ಅದಕ್ಕೆ ಪರವಾನಗಿ ಕೊಟ್ಟಿತು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ 27-25 ಮತಗಳಿಂದ ಗಾಂಜಾವನ್ನು ಆ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆಯಿತು. ತೆಗೆಯಬೇಕು ಅಂದವರಲ್ಲಿ ಭಾರತವೂ ಒಂದು. ಈಗ ಬೆಂಗಳೂರಿನ ಆನ್‌ಲೈನ್ ಅಂಗಡಿಗಳಲ್ಲಿ ಹೆಂಪ್ ಎಣ್ಣೆ, ಹೆಂಪ್ ಸೋಪು, ಹೆಂಪ್ ಬೀಜ ಚಂದದ ಡಬ್ಬಿಯಲ್ಲಿ ಸಿಗುತ್ತೆ. ಮತ್ತೆ ಹಳೇ ನೌಗಾಂವ್ ಲೆಕ್ಕವೇ: ಲೈಸೆನ್ಸ್ ಇದ್ದವನಿಗೆ ಮಾಲು. ನಾಳೆ ಕಾನೂನು ಇನ್ನಷ್ಟು ಸಡಿಲವಾದರೂ ಮೊದಲು ಲಾಭ ಆಗುವುದು ಡಬ್ಬಿ ಮಾಡುವವರಿಗೆ. ಹಿತ್ತಲಿನವರ ಸರದಿ ಕೊನೆಗೆ. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮ ಹಿರಿಯರು ಹೇಳಿದ್ದು ಬೇರೆ ಅರ್ಥದಲ್ಲಿ. ಸರ್ಕಾರಗಳು ನೂರು ವರ್ಷದಿಂದ ಅದನ್ನ ಅಕ್ಷರಶಃ ಪಾಲಿಸುತ್ತಿವೆ.

ನನಗೆ ಅನ್ನಿಸುವುದು ಇಷ್ಟು. ಗಾಂಜಾ ಇಟ್ಟುಕೊಂಡವನಿಗೆ ಸಣ್ಣದು, ದೊಡ್ಡದು ಅಂತ ಮೆಟ್ಟಿಲು ಇರುವ ಹಾಗೆ ಬೆಳೆದವನಿಗೂ ಇರಲಿ. ಮೂರು ಗಿಡವನ್ನ ಮೂರು ಎಕರೆಯ ಹಾಗೆ ನೋಡಬೇಡಿ. ತೂಕ ಹಾಕುವಾಗ ಮಣ್ಣು ಕೊಡವಿ. ಇದಕ್ಕೆ ಕ್ರಾಂತಿ ಬೇಕಿಲ್ಲ, ಒಂದು ತಿದ್ದುಪಡಿ ಸಾಕು.

ತಿಥಿ ಊಟ ಮುಗಿದ ಮೇಲೆ ತಾತನ ಮಗನ ಜೊತೆ ಹಿತ್ತಲಿಗೆ ಕೈ ತೊಳೆಯಲು ಹೋದೆ. ಗೋಡೆಯ ಮೊಳೆಯಲ್ಲಿ ತಂಬೂರಿ ನೇತಾಡುತ್ತಿತ್ತು, ತಂತಿ ಇರಲಿಲ್ಲ. ಹಿತ್ತಲಲ್ಲಿ ನುಗ್ಗೆ ಇತ್ತು, ಕರಿಬೇವು ಇತ್ತು. ಬಚ್ಚಲ ನೀರು ಹೋಗುವ ಪಾತಿ ಮಾತ್ರ ಖಾಲಿ. ಚಿಕ್ಕಂದಿನಲ್ಲಿ ಅಲ್ಲಿ ಪುಂಡಿ ಕಿತ್ತದ್ದು ನೆನಪಿತ್ತು.

"ಪುಂಡಿ ಹಾಕ್ಲಿಲ್ವಾ ಈ ಸಲ?" ಅಂದೆ.

"ಅಪ್ಪನ್ನ ಹಿಡ್ಕಂಡು ಹೋದಾಗ್ಲಿಂದ ಹಾಕಿಲ್ಲಣ್ಣ. ಎಲೆ ಅದ್ರಂಗೇ ಐತಲ್ಲ. ಯಾರಾದ್ರೂ ದೂರದಿಂದ ನೋಡಿ ಏನಾದ್ರೂ ಅಂದ್ರೆ ಯಾರು ಓಡಾಡ್ತಾರೆ? ಬೇಕಾದ್ರೆ ಸಂತೇಲಿ ತರ್ತೀವಿ."

ಚೊಂಬಿನಲ್ಲಿ ನೀರು ಕೊಟ್ಟ. ಆ ಎರಡು ಫೋನಿನ ಬಗ್ಗೆ ಅವನು ಏನೂ ಕೇಳಲಿಲ್ಲ. ನಾನೇ ಹೇಳಿದೆ, ಅವತ್ತು ಎತ್ತಬೇಕಿತ್ತು ಕಣೋ ಅಂತ. "ಬಿಡಣ್ಣ, ನಿಂಗೂ ಕೆಲ್ಸ ಇರ್ತದೆ" ಅಂದು ಟವೆಲ್ ಕೊಟ್ಟ.